ಮಧ್ಯ ಅಮೆರಿಕದ ರಾಜಧಾನಿಗಳಲ್ಲಿ ವ್ಯಾಪಾರ: ಹೊರಡುವ ಮುಂಚಿನಿಂದ ದುಡ್ಡು ಕೈಸೇರುವವರೆಗೆ

ಮೆಕ್ಸಿಕೊ ಮತ್ತು ಕೊಲಂಬಿಯಾ ನಡುವೆ ಏಳು ದೇಶಗಳಿವೆ: ಗ್ವಾಟೆಮಾಲಾ, ಬೆಲೀಜ್, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ, ಕೋಸ್ಟಾ ರಿಕಾ, ಪನಾಮಾ. ಏಳನ್ನೂ ಕೂಡಿಸಿದರೂ ಜನಸಂಖ್ಯೆ ಕರ್ನಾಟಕಕ್ಕಿಂತ ಕಡಿಮೆ. ಹಾಗಾಗಿ ನಮ್ಮ ಸಣ್ಣ ಉದ್ದಿಮೆದಾರರು ಅಮೆರಿಕ, ಯುರೋಪ್, ದುಬೈ ಎಂದು ಯೋಚಿಸುತ್ತಾರೆಯೇ ಹೊರತು ಈ ಕಡೆ ತಿರುಗಿ ನೋಡುವುದು ಕಡಿಮೆ. ನೋಡಬೇಕು ಅನ್ನುವುದು ನನ್ನ ಮಾತು. ಆದರೆ ಸಿದ್ಧತೆ ಇಲ್ಲದೆ ಹೋದರೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಏಲಕ್ಕಿ ಬೆಳೆಯುವವರಿಗೆ ಗ್ವಾಟೆಮಾಲಾ ಹೆಸರು ಹೊಸದಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಅದೇ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನ್ ತೋಟಗಾರರು ಭಾರತದ ಏಲಕ್ಕಿಯನ್ನು ಅಲ್ಲಿನ ಆಲ್ತಾ ವೆರಾಪಾಸ್ ಬೆಟ್ಟಗಳಿಗೆ ಒಯ್ದರು. ಈಗ ಕೋಬಾನ್ ಊರಿನ ಸುತ್ತಮುತ್ತ ಸಣ್ಣ ಹಿಡುವಳಿಯ ಮಾಯಾ ರೈತರೇ ಅದರ ಬಹುಪಾಲು ಬೆಳೆಯುತ್ತಾರೆ. ಅವರ ಅಡುಗೆಯಲ್ಲಿ ಏಲಕ್ಕಿಗೆ ಜಾಗ ಇಲ್ಲ, ಮಾಲೆಲ್ಲ ಹೆಚ್ಚಾಗಿ ಅರಬ್ ದೇಶಗಳಿಗೆ ಹೋಗುತ್ತದೆ. ಅಲ್ಲಿ ಫಸಲು ಜಾಸ್ತಿಯಾದರೆ ಇಲ್ಲಿ ರೇಟು ಅಲ್ಲಾಡುತ್ತದೆ. ಕಾಫಿಯಲ್ಲೂ ಅವರು ನಮ್ಮ ಪ್ರತಿಸ್ಪರ್ಧಿಗಳೇ. ಇನ್ನೊಂದು ಕಡೆ, ಭಾರತದ ಔಷಧಿ ಮತ್ತು ದ್ವಿಚಕ್ರ ವಾಹನಗಳು ಆ ಮಾರುಕಟ್ಟೆಗಳಲ್ಲಿ ಗಟ್ಟಿಯಾಗಿ ನಿಂತಿವೆ. ಗ್ವಾಟೆಮಾಲಾದ ಸಣ್ಣ ಊರುಗಳಲ್ಲಿ ಓಡುವ ಆಟೊಗಳು ಬಜಾಜ್ ಕಂಪನಿಯವು.

ಔಷಧಿ, ಮಸಾಲೆ, ಕೃಷಿ ಯಂತ್ರ, ಬಟ್ಟೆ, ಸಾಫ್ಟ್‌ವೇರ್, ಇವುಗಳಲ್ಲಿ ಯಾವುದಾದರೂ ಮಾರಲು ಹೊರಟ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಗ್ವಾಟೆಮಾಲಾ ಸಿಟಿ ಮತ್ತು ಪನಾಮಾ ಸಿಟಿ ಬಗ್ಗೆ ಜಾಸ್ತಿ ಇದೆ, ಏಕೆಂದರೆ ನಮ್ಮವರಿಗೆ ಹೊಂದುವ ಎರಡು ಬಾಗಿಲುಗಳು ಅವೇ.

ಹಂತ 1: ಒಂದೇ ಊರು ಆರಿಸಿಕೊಳ್ಳಿ

ನಕ್ಷೆ ನೋಡಿದರೆ ಎಲ್ಲ ಹತ್ತಿರ ಹತ್ತಿರ ಕಾಣುತ್ತದೆ. ಹತ್ತು ದಿನದಲ್ಲಿ ಐದು ರಾಜಧಾನಿ ಮುಗಿಸಿ ಬರೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೊಂದು ದೇಶಕ್ಕೂ ಬೇರೆ ತೆರಿಗೆ, ಬೇರೆ ನೋಂದಣಿ, ಬೇರೆ ವಕೀಲ ಬೇಕು, ಹೆಚ್ಚಿನ ಕಡೆ ಕರೆನ್ಸಿಯೂ ಬೇರೆ. ಒಂದು ಊರಲ್ಲಿ ವಾರವಿಡೀ ಕೂತು ಎರಡನೇ, ಮೂರನೇ ಸಲ ಅದೇ ಜನರನ್ನು ಭೇಟಿ ಮಾಡಿದವರಿಗೆ ಆರ್ಡರ್ ಸಿಗುತ್ತದೆ. ಐದು ಊರಲ್ಲಿ ವಿಸಿಟಿಂಗ್ ಕಾರ್ಡ್ ಹಂಚಿ ಬಂದವರಿಗೆ ಇಮೇಲ್‌ಗೂ ಉತ್ತರ ಬರುವುದಿಲ್ಲ.

ಯಾವ ಊರು ಯಾತಕ್ಕೆ ಎಂದು ಸ್ವಲ್ಪ ನೋಡೋಣ. ಏಳರಲ್ಲಿ ಜನಸಂಖ್ಯೆ ಅತಿ ಹೆಚ್ಚು ಇರುವುದು ಗ್ವಾಟೆಮಾಲಾದಲ್ಲಿ. ಅಂಗಡಿಯಲ್ಲಿ ಮಾರಾಟವಾಗುವ ಯಾವುದೇ ಸರಕಿಗೂ ಮೊದಲು ಅದನ್ನೇ ನೋಡಿ. ಮಧ್ಯ ಅಮೆರಿಕದ ಆರ್ಥಿಕ ಏಕೀಕರಣದ ಸಚಿವಾಲಯ ಸಿಯೆಕಾ ಕೂಡ ಅದೇ ಊರಲ್ಲಿದೆ.

ಪನಾಮಾ ಸಿಟಿ ಬೇರೆಯದೇ ಲೋಕ. ಬ್ಯಾಂಕು, ಹಡಗು, ಮರುರಫ್ತು ಅದರ ಉಸಿರು. ಕಾಲುವೆ 1914ರಲ್ಲಿ ತೆರೆಯಿತು, 1999ರ ಡಿಸೆಂಬರ್ 31ರಂದು ಪೂರ್ತಿಯಾಗಿ ಪನಾಮಾದ ಕೈಗೆ ಬಂತು. ಕಾಲುವೆಯ ಆ ತುದಿಯಲ್ಲಿರುವ ಕೊಲೋನ್ ಮುಕ್ತ ವಲಯ 1948ರಿಂದ ಇದೆ. ಅಲ್ಲಿಗೆ ಬಂದ ಸರಕು ಇಡೀ ಲ್ಯಾಟಿನ್ ಅಮೆರಿಕಕ್ಕೆ ಹಂಚಿಹೋಗುತ್ತದೆ. ಸಿಂಧಿ, ಗುಜರಾತಿ ವ್ಯಾಪಾರಿ ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ನೆಲೆಸಿವೆ. ಪನಾಮಾ ಸಿಟಿಯಲ್ಲಿ ಹಿಂದೂ ದೇವಸ್ಥಾನವೂ ಇದೆ. ಹೊಸಬರಿಗೆ ಆ ಸಮುದಾಯದ ಪರಿಚಯ ದೊಡ್ಡ ಬಲ. ಒಂದು ಎಚ್ಚರಿಕೆ: ಚಿಲ್ಲರೆ ವ್ಯಾಪಾರವನ್ನು ಪನಾಮಾ ಸಂವಿಧಾನ ತನ್ನ ನಾಗರಿಕರಿಗೆ ಮೀಸಲಿಟ್ಟಿದೆ. ನೀವು ಸಗಟು ಮಾರಬಹುದು, ಅಂಗಡಿ ತೆರೆಯುತ್ತೇನೆ ಅಂದರೆ ಮೊದಲು ವಕೀಲರನ್ನು ಕೇಳಬೇಕು.

ಕೋಸ್ಟಾ ರಿಕಾ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ದೇಶ. ಅದರ ರಾಜಧಾನಿ ಸಾನ್ ಹೊಸೆ ಸುತ್ತಮುತ್ತ ವೈದ್ಯಕೀಯ ಉಪಕರಣ, ಸಾಫ್ಟ್‌ವೇರ್ ಸೇವೆಯ ಕಂಪನಿಗಳು ತುಂಬಿವೆ. ಬೆಂಗಳೂರಿನ ಐಟಿ ಕಡೆಯವರಿಗೆ ಇದು ಹೊಂದುವ ಊರು. ಕಾಫಿ ಬೆಳೆಗಾರರಾದರೆ ಅಲ್ಲಿನ ಕಾಫಿ ಸಂಸ್ಥೆ ಇಕಾಫೆಗೆ ಭೇಟಿ ಕೊಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಾನ್ ಸಾಲ್ವಡೋರ್‌ನಲ್ಲಿ 2001ರಿಂದ ಡಾಲರ್ ಚಲಾವಣೆಯಲ್ಲಿದೆ, ವಿನಿಮಯ ದರದ ತಲೆನೋವಿಲ್ಲ. ಹೊಂಡುರಾಸ್‌ನ ರಾಜಧಾನಿ ತೆಗುಸಿಗಾಲ್ಪಾ. ಸರ್ಕಾರಿ ಟೆಂಡರ್ ಕೆಲಸವಿದ್ದರೆ ಅಲ್ಲಿಗೆ ಹೋಗಿ. ಖಾಸಗಿ ವ್ಯಾಪಾರವೆಲ್ಲ ಉತ್ತರದ ಸಾನ್ ಪೆದ್ರೊ ಸುಲಾದಲ್ಲಿ. ಬೆಲೀಜ್‌ನಲ್ಲೂ ಹಾಗೇ: 1961ರ ಚಂಡಮಾರುತದ ನಂತರ ಕಟ್ಟಿದ ಬೆಲ್ಮೊಪಾನ್‌ನಲ್ಲಿ ಇರುವುದು ಸರ್ಕಾರಿ ಕಚೇರಿಗಳು, ವ್ಯಾಪಾರ ನಡೆಯುವುದು ಬೆಲೀಜ್ ಸಿಟಿಯಲ್ಲಿ. ನಿಕರಾಗುವಾದ ಮನಾಗುವಾವನ್ನು ನಾನು ಕೊನೆಗೆ ಇಡುತ್ತೇನೆ. 2018ರ ಪ್ರತಿಭಟನೆಗಳ ನಂತರ ಅಲ್ಲಿನ ರಾಜಕೀಯ ವಾತಾವರಣ ಬಿಗಿಯಾಗಿದೆ, ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ.

ಹಂತ 2: ವೀಸಾ, ದಾರಿ, ಲಸಿಕೆ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಮಾನ್ಯ ವೀಸಾ ಇದ್ದರೆ ಅರ್ಧ ದಾರಿ ಸುಲಭ. ಗ್ವಾಟೆಮಾಲಾ, ಕೋಸ್ಟಾ ರಿಕಾ, ಪನಾಮಾ ಮೂರೂ ಕೆಲವು ಷರತ್ತುಗಳ ಮೇಲೆ ಅಂಥವರನ್ನು ಪ್ರತ್ಯೇಕ ವೀಸಾ ಇಲ್ಲದೆ ಒಳಗೆ ಬಿಟ್ಟುಕೊಂಡಿವೆ. ಪನಾಮಾ ಮಾತ್ರ ಆ ವೀಸಾವನ್ನು ಮೊದಲು ಒಮ್ಮೆಯಾದರೂ ಬಳಸಿರಬೇಕು ಅನ್ನುತ್ತದೆ. ಷರತ್ತುಗಳು ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಯುವ ಮುಂಚೆ ದೆಹಲಿಯಲ್ಲಿರುವ ಆಯಾ ದೇಶದ ರಾಯಭಾರ ಕಚೇರಿಗೆ ಇಮೇಲ್ ಹಾಕಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿರುವವರಿಗೆ ಈ ದೇಶಗಳ ನಿಯಮ ಬಾಯಿಗೆ ಬರುವುದಿಲ್ಲ. ಆ ಪ್ರಿಂಟ್ ಅಲ್ಲಿ ನಿಮ್ಮನ್ನು ಉಳಿಸುತ್ತದೆ.

ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ 2006ರಿಂದ ಒಂದು ಒಪ್ಪಂದದಲ್ಲಿವೆ. ಸಾಮಾನ್ಯವಾಗಿ ಕೊಡುವ 90 ದಿನ ನಾಲ್ಕೂ ದೇಶಕ್ಕೆ ಸೇರಿ, ಒಂದೊಂದಕ್ಕೆ ಬೇರೆ ಬೇರೆ ಅಲ್ಲ. ಕೋಸ್ಟಾ ರಿಕಾ, ಪನಾಮಾ, ಬೆಲೀಜ್ ಇದರಲ್ಲಿ ಇಲ್ಲ.

ಎಲ್ ಸಾಲ್ವಡೋರ್ ವಿಚಾರದಲ್ಲಿ ಒಂದು ಮಾತು ಮರೆಯಬೇಡಿ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಮಾನ ನಿಲ್ದಾಣ ಭಾರತ ಮತ್ತು ಆಫ್ರಿಕಾದ ಹಲವು ದೇಶಗಳ ಪಾಸ್‌ಪೋರ್ಟ್ ಇರುವವರಿಗೆ 1,000 ಡಾಲರ್ ವಿಶೇಷ ಶುಲ್ಕ ಹಾಕಿತು. ತೆರಿಗೆ ಸೇರಿ 1,130 ಡಾಲರ್. ಅಲ್ಲಿ ಬರೀ ವಿಮಾನ ಬದಲಿಸುವವರಿಗೂ ಅದು ಅನ್ವಯ. ಅಗ್ಗದ ಟಿಕೆಟ್ ಎಂದು ಸಾನ್ ಸಾಲ್ವಡೋರ್ ಮೂಲಕ ಬುಕ್ ಮಾಡುವ ಮುಂಚೆ ಈ ಶುಲ್ಕ ಕಟ್ಟಬೇಕಾ ಎಂದು ಏರ್‌ಲೈನ್‌ನಿಂದ ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ.

ದಾರಿ ಎರಡು. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕೇ ಬೇಕು. ಯುರೋಪ್ ಮೂಲಕವಾದರೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನಗಳಿವೆ, ಅಲ್ಲಿಂದ ಸಾನ್ ಹೊಸೆ ಅಥವಾ ಪನಾಮಾ ಸಿಟಿಗೆ ಹೋಗಬಹುದು. ಗ್ವಾಟೆಮಾಲಾಗೆ ಮ್ಯಾಡ್ರಿಡ್‌ನಿಂದ ವಿಮಾನವಿದೆ. ಯುರೋಪಿನ ಕೆಲವು ದೇಶಗಳು ಭಾರತೀಯರಿಂದ ಟ್ರಾನ್ಸಿಟ್ ವೀಸಾ ಕೇಳುತ್ತವೆ, ಅದನ್ನೂ ಮೊದಲೇ ವಿಚಾರಿಸಿ. ಮಧ್ಯ ಅಮೆರಿಕದ ಒಳಗೆ ಓಡಾಡಲು ಪನಾಮಾದ ತೊಕುಮೆನ್ ನಿಲ್ದಾಣವನ್ನು ಕೇಂದ್ರವಾಗಿಟ್ಟುಕೊಂಡ ಕೋಪಾ ಏರ್‌ಲೈನ್ಸ್ ಅನುಕೂಲ.

ಇನ್ನು ಲಸಿಕೆ. ಹಳದಿ ಜ್ವರ ಇರುವ ದೇಶಗಳೆಂದು ಭಾರತ ಗುರುತಿಸಿದ ಪಟ್ಟಿಯಲ್ಲಿ ಪನಾಮಾ ಇದೆ. ಅಲ್ಲಿಂದ ವಾಪಸ್ ಬರುವಾಗ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ನಿಮ್ಮನ್ನು ಹಿಡಿದು ಆರು ದಿನದವರೆಗೂ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿನಲ್ಲಿ ಅಂಥ ಕೇಂದ್ರವಿದೆ. ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ವಾಪಸ್ ಬರುವ ದಾರಿಯಲ್ಲಿ ಬ್ರೆಜಿಲ್ ಅಥವಾ ಕೊಲಂಬಿಯಾ ಇದ್ದರೂ ಕಾರ್ಡ್ ಕೈಯಲ್ಲಿರಲಿ.

ಹಂತ 3: ಕಾಗದಪತ್ರ ಊರಲ್ಲೇ ಮುಗಿಸಿ

ಅಲ್ಲಿ ಹೋದ ಮೇಲೆ ಕಂಪನಿಯ ಒಂದು ಕಾಗದ ಬೇಕಾಯಿತು ಎಂದುಕೊಳ್ಳಿ. ಕೊರಿಯರ್ ಹೋಗಿ ಬರುವಷ್ಟರಲ್ಲಿ ನಿಮ್ಮ ಪ್ರವಾಸವೇ ಮುಗಿದಿರುತ್ತದೆ. ಅದಕ್ಕೇ ನಾಲ್ಕು ಕಾಗದ ಮೊದಲೇ ಸಿದ್ಧ ಮಾಡಿಸಿ: ಕಂಪನಿ ನೋಂದಣಿ ಪ್ರಮಾಣಪತ್ರ, ಇಂಥವರು ನಮ್ಮ ಪರವಾಗಿ ಸಹಿ ಹಾಕಬಹುದು ಎಂಬ ಬೋರ್ಡ್ ನಿರ್ಣಯ, ಅಲ್ಲಿನ ವಕೀಲರ ಹೆಸರಿಗೆ ಪವರ್ ಆಫ್ ಅಟಾರ್ನಿ, ಉತ್ಪನ್ನದ ಗುಣಮಟ್ಟದ ಪ್ರಮಾಣಪತ್ರ.

ಭಾರತವೂ ಮಧ್ಯ ಅಮೆರಿಕದ ಏಳೂ ದೇಶಗಳೂ ಒಂದೇ ಮುದ್ರೆಯ ಮೇಲೆ ಒಬ್ಬರ ಕಾಗದವನ್ನು ಇನ್ನೊಬ್ಬರು ಒಪ್ಪುವ ಅಪೊಸ್ಟೀಲ್ ಒಪ್ಪಂದದಲ್ಲಿರುವುದರಿಂದ ರಾಯಭಾರ ಕಚೇರಿಗಳ ಬಾಗಿಲು ತಟ್ಟುವ ಕೆಲಸ ಹೆಚ್ಚುಕಡಿಮೆ ತಪ್ಪುತ್ತದೆ. ವ್ಯಾಪಾರದ ಕಾಗದಗಳಿಗೆ ಮೊದಲು ನೋಟರಿ, ಆಮೇಲೆ ಚೇಂಬರ್ ಆಫ್ ಕಾಮರ್ಸ್ ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್. ಬೆಂಗಳೂರಿನ ಎಫ್‌ಕೆಸಿಸಿಐ ಎಂಬ ರಾಜ್ಯದ ವಾಣಿಜ್ಯ-ಕೈಗಾರಿಕಾ ಮಹಾಸಂಘ ಇಂಥ ದೃಢೀಕರಣವನ್ನೂ ಸರ್ಟಿಫಿಕೇಟ್ ಆಫ್ ಒರಿಜಿನ್ ಅನ್ನೂ ಕೊಡುತ್ತದೆ. ಸ್ಪ್ಯಾನಿಷ್ ಅನುವಾದವನ್ನು ಇಲ್ಲಿ ಮಾಡಿಸಬೇಡಿ. ಆಯಾ ದೇಶದಲ್ಲಿ ಪರವಾನಗಿ ಪಡೆದ ಅನುವಾದಕರು ಮಾಡಿದ್ದನ್ನೇ ಅಲ್ಲಿನ ಕಚೇರಿಗಳು ಒಪ್ಪುತ್ತವೆ.

ನಮ್ಮ ಹೆಸರುಗಳದ್ದೂ ಒಂದು ಸಮಸ್ಯೆ. ಅಲ್ಲಿ ಪ್ರತಿಯೊಬ್ಬರಿಗೂ ತಂದೆ ಕಡೆಯದೊಂದು, ತಾಯಿ ಕಡೆಯದೊಂದು ಮನೆತನದ ಹೆಸರು ಇರುತ್ತದೆ. ಫಾರ್ಮ್‌ಗಳಲ್ಲಿ ಎರಡಕ್ಕೂ ಜಾಗ ಇರುತ್ತದೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಊರ ಹೆಸರಿನ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಒಂದು ಕಾಗದದಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಅವರ ಕಣ್ಣಿಗೆ ನೀವು ಇಬ್ಬರು ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ, ಒಂದಕ್ಷರವೂ ಬದಲಾಗದಂತೆ, ಎಲ್ಲ ಕಾಗದದಲ್ಲೂ ಬರೆಸಿ.

ಹಂತ 4: ಕ್ಯಾಲೆಂಡರ್ ನೋಡಿ ಹೊರಡಿ

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಹೋಗಲೇಬೇಡಿ. ಇಡೀ ಪ್ರದೇಶದಲ್ಲಿ ಕಚೇರಿಗಳು ಮುಚ್ಚಿರುತ್ತವೆ, ಜನ ಸಮುದ್ರದ ಕಡೆ ಹೊರಟಿರುತ್ತಾರೆ. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೂ ಕೆಲಸ ನಡೆಯುವುದಿಲ್ಲ. ಸೆಪ್ಟೆಂಬರ್ 15 ಐದು ದೇಶಗಳ ಸ್ವಾತಂತ್ರ್ಯ ದಿನ. 1821ರಲ್ಲಿ ಅವು ಒಟ್ಟಿಗೆ ಸ್ಪೇನ್‌ನಿಂದ ಬೇರೆಯಾದವು. ಪನಾಮಾದಲ್ಲಿ ನವೆಂಬರ್ ತಿಂಗಳು ರಜೆಗಳ ಸರಮಾಲೆ. ಸಾನ್ ಸಾಲ್ವಡೋರ್‌ನಲ್ಲಿ ಆಗಸ್ಟ್ ಮೊದಲ ವಾರ ಊರಹಬ್ಬ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಮಳೆಗಾಲದಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಜಡಿಮಳೆ, ಟ್ರಾಫಿಕ್ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಮುಖ್ಯ ಭೇಟಿಗಳನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ. ಫೆಬ್ರವರಿ ಒಳ್ಳೆಯ ತಿಂಗಳು. ಪನಾಮಾಗೆ ಹೋಗುವವರು ಸಾಧ್ಯವಾದರೆ ಎಕ್ಸ್‌ಪೊಕೊಮೆರ್ ವಾಣಿಜ್ಯ ಮೇಳದ ಹೊತ್ತಿಗೆ ಹೊಂದಿಸಿಕೊಳ್ಳಿ. ಅದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನಡೆಯುತ್ತದೆ.

ಬಟ್ಟೆಯ ವಿಷಯ: ಗ್ವಾಟೆಮಾಲಾ ಸಿಟಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಸಾನ್ ಹೊಸೆ 1,150ರ ಆಸುಪಾಸು. ಬೆಂಗಳೂರಿನ ಹವೆ ಒಗ್ಗಿದವರಿಗೆ ಎರಡೂ ಹಿತ, ಸಂಜೆಗೆ ಸ್ವೆಟರ್ ಬೇಕು. ಪನಾಮಾ ಸಿಟಿ ಸಮುದ್ರದ ಮಟ್ಟದಲ್ಲಿದೆ, ಮಂಗಳೂರಿನಷ್ಟೇ ಬೆವರು.

ಹಂತ 5: ಇಳಿದ ಮೇಲೆ ಓಡಾಟ

ವಿಮಾನ ನಿಲ್ದಾಣ ಊರಿನಿಂದ ಎಷ್ಟು ದೂರ ಎಂದು ಮೊದಲೇ ನೋಡಿಕೊಳ್ಳಿ. ಗ್ವಾಟೆಮಾಲಾದ ಲಾ ಅವ್ರೋರಾ ಊರೊಳಗೇ ಇದೆ. ತೆಗುಸಿಗಾಲ್ಪಾದ ಅಂತರರಾಷ್ಟ್ರೀಯ ವಿಮಾನಗಳು 2021ರಿಂದ ಕೊಮಾಯಾಗುವಾ ಹತ್ತಿರದ ಪಾಲ್ಮೆರೋಲಾದಲ್ಲಿ ಇಳಿಯುತ್ತವೆ. ಅಲ್ಲಿಂದ ಊರಿಗೆ ಎಪ್ಪತ್ತೆಂಬತ್ತು ಕಿಲೋಮೀಟರ್. ಪನಾಮಾದಲ್ಲಿ ಮೆಟ್ರೊ ರೈಲು ವಿಮಾನ ನಿಲ್ದಾಣದವರೆಗೂ ಬರುತ್ತದೆ.

ಗ್ವಾಟೆಮಾಲಾ ಸಿಟಿಯ ವಿಳಾಸ ಓದಲು ಕಲಿತರೆ ಊರೇ ಕೈಗೆ ಸಿಕ್ಕಂತೆ. ಊರನ್ನು ಸೋನಾ ಎಂಬ ವಲಯಗಳಾಗಿ ಹಂಚಿದ್ದಾರೆ. ಸಂಖ್ಯೆ 25ರವರೆಗೆ ಹೋಗುತ್ತದೆ, ಆದರೆ 20, 22, 23 ಇಲ್ಲ. ಉತ್ತರ-ದಕ್ಷಿಣದ ರಸ್ತೆಗಳು ಅವೆನಿದಾ, ಪೂರ್ವ-ಪಶ್ಚಿಮದವು ಕಾಯೆ. ವಿಳಾಸದಲ್ಲಿ ‘5ನೇ ಅವೆನಿದಾ 12-31, ಸೋನಾ 9’ ಎಂದಿದ್ದರೆ ಹೀಗೆ ಹುಡುಕಬೇಕು: ಸೋನಾ 9ಕ್ಕೆ ಹೋಗಿ, ಐದನೇ ಅವೆನಿದಾ ಹಿಡಿಯಿರಿ, 12ನೇ ಕಾಯೆ ದಾಟಿ 13ರ ಕಡೆ ಸುಮಾರು 31 ಮೀಟರ್ ನಡೆಯಿರಿ. ಸೋನಾ ಸಂಖ್ಯೆ ಬಿಟ್ಟರೆ ಕೆಟ್ಟಿತು. ಅದೇ ಅವೆನಿದಾ, ಅದೇ ಸಂಖ್ಯೆ ಬೇರೆ ಸೋನಾದಲ್ಲೂ ಇರುತ್ತದೆ, ಅರ್ಧ ಊರು ದಾಟಿ ತಪ್ಪು ಬಾಗಿಲಿಗೆ ಹೋಗಿ ನಿಲ್ಲುತ್ತೀರಿ. ಕಚೇರಿ, ಹೋಟೆಲುಗಳು ಹೆಚ್ಚಾಗಿ 4, 9, 10, 14ನೇ ಸೋನಾಗಳಲ್ಲಿವೆ. ಮೊದಲ ಸಲ ಹೋಗುವವರು 10ರಲ್ಲೇ ಉಳಿದುಕೊಳ್ಳಿ. ಹಳೇ ಪೇಟೆ ಸೋನಾ 1ರಲ್ಲಿದೆ, ಹಗಲು ಹೊತ್ತು ನೋಡಿ ಬನ್ನಿ.

ಮನಾಗುವಾದಲ್ಲಿ 1972ರ ಡಿಸೆಂಬರ್‌ನ ಭೂಕಂಪ ಊರಿನ ನಡುಭಾಗವನ್ನೇ ನೆಲಸಮ ಮಾಡಿತು. ಅಲ್ಲಿ ಇವತ್ತಿಗೂ ವಿಳಾಸ ಹೇಳುವುದು ಗುರುತು ಹಿಡಿದು: ಇಂಥ ಚರ್ಚ್‌ನಿಂದ ಎರಡು ಬ್ಲಾಕ್ ಕೆರೆ ಕಡೆಗೆ, ಒಂದು ಬ್ಲಾಕ್ ಮೇಲಕ್ಕೆ. ಕೆರೆ ಕಡೆ ಅಂದರೆ ಉತ್ತರ, ಮೇಲಕ್ಕೆ ಅಂದರೆ ಸೂರ್ಯ ಹುಟ್ಟುವ ಪೂರ್ವ, ಕೆಳಕ್ಕೆ ಅಂದರೆ ಪಶ್ಚಿಮ. ಗುರುತಿನ ಕಟ್ಟಡ ಬಿದ್ದು ಹೋಗಿ ದಶಕಗಳಾಗಿದ್ದರೂ ‘ಅದು ಇದ್ದ ಜಾಗದಿಂದ’ ಎಂದೇ ಹೇಳುತ್ತಾರೆ. ಸಾನ್ ಹೊಸೆಯಲ್ಲೂ ‘ಚರ್ಚ್‌ನಿಂದ 100 ಮೀಟರ್ ಉತ್ತರಕ್ಕೆ’ ಎಂಬ ರೀತಿ ಇದೆ, ಅಲ್ಲಿ 100 ಮೀಟರ್ ಅಂದರೆ ಒಂದು ಬ್ಲಾಕ್. ಇಂಥ ಊರುಗಳಲ್ಲಿ ವಿಳಾಸದ ಬದಲು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಎಂದು ಕೇಳುವುದೇ ಸರಿ. ಮಧ್ಯ ಅಮೆರಿಕದಲ್ಲಿ ವ್ಯಾಪಾರವೆಲ್ಲ ನಡೆಯುವುದೂ ವಾಟ್ಸಾಪ್‌ನಲ್ಲೇ.

ಸುರಕ್ಷತೆ ಬಗ್ಗೆ ನೇರವಾಗಿ ಹೇಳುತ್ತೇನೆ. ಊರೊಳಗಿನ ಹಳೇ ಬಸ್ಸುಗಳನ್ನು ಹತ್ತಬೇಡಿ. ಆ್ಯಪ್‌ನಲ್ಲಿ ಕಾರು ಕರೆಸಿಕೊಳ್ಳಿ, ಇಲ್ಲವೇ ಹೋಟೆಲಿನವರಿಂದ ಗೊತ್ತಿರುವ ಡ್ರೈವರ್‌ನನ್ನು ಹೇಳಿಸಿ. ರಸ್ತೆಯಲ್ಲಿ ಫೋನ್ ಹಿಡಿದು ನಿಲ್ಲಬೇಡಿ. ಎಟಿಎಂ ಬೇಕಿದ್ದರೆ ಮಾಲ್ ಒಳಗೆ ಹೋಗಿ. ಎಲ್ ಸಾಲ್ವಡೋರ್‌ನಲ್ಲಿ 2022ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ ಗ್ಯಾಂಗ್‌ಗಳ ಮೇಲೆ ಕಾರ್ಯಾಚರಣೆ ಶುರುವಾಯಿತು. ಆಮೇಲೆ ಬೀದಿಗಳು ಶಾಂತವಾಗಿವೆ, ಪೊಲೀಸರ ಅಧಿಕಾರ ಬಹಳ ಹೆಚ್ಚಿದೆ. ಪಾಸ್‌ಪೋರ್ಟ್ ಪ್ರತಿ ಸದಾ ಜೇಬಿನಲ್ಲಿರಲಿ. ಗ್ವಾಟೆಮಾಲಾ ಸಿಟಿಯಲ್ಲೂ ಪನಾಮಾ ಸಿಟಿಯಲ್ಲೂ ಭಾರತದ ರಾಯಭಾರ ಕಚೇರಿ ಇದೆ. ಹೋದ ಕೂಡಲೇ ಒಂದು ಇಮೇಲ್ ಹಾಕಿ ಪರಿಚಯ ಮಾಡಿಕೊಳ್ಳಿ. ವ್ಯಾಪಾರದ ಸಂಪರ್ಕ ಹುಡುಕಲೂ ಅವರು ನೆರವಾಗುತ್ತಾರೆ.

ಹಂತ 6: ಭೇಟಿಯ ಮೇಜಿನಲ್ಲಿ

ಬೆಂಗಳೂರಿಗಿಂತ ಪನಾಮಾ ಹತ್ತೂವರೆ ಗಂಟೆ ಹಿಂದೆ, ಉಳಿದ ಆರೂ ಹನ್ನೊಂದೂವರೆ ಗಂಟೆ ಹಿಂದೆ. ಅವರು ಬೇಸಿಗೆಗೆಂದು ಗಡಿಯಾರ ಬದಲಿಸುವುದಿಲ್ಲ. ಆ ಆರು ದೇಶಗಳ ಬೆಳಗ್ಗೆ ಎಂಟು ಅಂದರೆ ನಮಗೆ ಸಂಜೆ ಏಳೂವರೆ, ಪನಾಮಾದ್ದಾದರೆ ಆರೂವರೆ. ಹೋಗುವ ಮುಂಚಿನ ವಿಡಿಯೊ ಮಾತುಕತೆಗೆ ಅದು ಒಳ್ಳೆಯ ಹೊತ್ತು.

ಗ್ವಾಟೆಮಾಲಾ ಸಿಟಿಯಲ್ಲಿ ಬೆಳಗ್ಗೆ ಏಳಕ್ಕೇ ಹೋಟೆಲಿನಲ್ಲಿ ತಿಂಡಿಯ ಜೊತೆ ಭೇಟಿ ಇಡುವುದು ರೂಢಿ. ಟ್ರಾಫಿಕ್ ಅಷ್ಟು ಕೆಟ್ಟದ್ದು. ನೀವು ಐದು ನಿಮಿಷ ಮುಂಚೆ ಅಲ್ಲಿರಿ, ಅವರು ತಡವಾಗಿ ಬಂದರೆ ಮುಖ ಸಿಂಡರಿಸಬೇಡಿ. ಕೈಕುಲುಕಿ, ಬುವೆನೊಸ್ ದಿಯಾಸ್ ಹೇಳಿ. ಕೋಣೆಯಲ್ಲಿ ಎಂಟು ಜನ ಇದ್ದರೆ ಎಂಟೂ ಜನಕ್ಕೆ ಹೇಳಿ. ಲಿಫ್ಟ್‌ನೊಳಗೆ ಹೆಜ್ಜೆ ಇಟ್ಟಾಗಲೂ ಅಪರಿಚಿತರಿಗೆ ಶುಭೋದಯ ಹೇಳುವ ಜನ ಅವರು. ಹೋಟೆಲಿನಲ್ಲಿ ನೀವು ಊಟ ಮಾಡುತ್ತಿದ್ದರೆ ಪಕ್ಕದಲ್ಲಿ ಹಾದುಹೋಗುವವರು ‘ಪ್ರೊವೆಚೊ’ ಎಂದು ಹಾರೈಸಿ ಹೋಗುತ್ತಾರೆ. ನೀವೂ ಗ್ರಾಸಿಯಾಸ್ (ಧನ್ಯವಾದ) ಅನ್ನಿ.

ಓದಿನ ಪದವಿಗೆ ಅಲ್ಲಿ ಬೆಲೆ ಜಾಸ್ತಿ. ವಕೀಲರು ಮತ್ತು ಪದವೀಧರ ಅಧಿಕಾರಿಗಳಿಗೆ ಲಿಸೆನ್ಸಿಯಾದೊ, ಹೆಂಗಸರಾದರೆ ಲಿಸೆನ್ಸಿಯಾದಾ. ಇಂಜಿನಿಯರ್‌ಗೆ ಇಂಹೆನಿಯೆರೊ. ಹಿರಿಯರಿಗೆ ಹೆಸರಿನ ಮುಂದೆ ದೊನ್ ಅಥವಾ ದೊನ್ಯಾ. ಎದುರಿಗಿರುವವರನ್ನು ಉಸ್ತೆದ್ ಎಂದು ಬಹುವಚನದಲ್ಲೇ ಮಾತಾಡಿಸಿ, ಅವರಾಗಿಯೇ ಸಲಿಗೆಗೆ ಇಳಿಯುವವರೆಗೂ. ಮನೆತನದ ಎರಡು ಹೆಸರುಗಳಲ್ಲಿ ಕರೆಯಬೇಕಾದ್ದು ಮೊದಲನೆಯದನ್ನು.

ಮೊದಲ ಭೇಟಿಯಲ್ಲಿ ರೇಟು ಎತ್ತಬೇಡಿ. ಮಕ್ಕಳೆಷ್ಟು, ನಿಮ್ಮೂರು ಯಾವುದು, ಪ್ರಯಾಣ ಹೇಗಿತ್ತು, ಇದೇ ಅರ್ಧ ಗಂಟೆ ನಡೆಯಲಿ. ಅದು ಹರಟೆ ಅಲ್ಲ, ಅವರು ನಿಮ್ಮನ್ನು ಅಳೆಯುತ್ತಿರುತ್ತಾರೆ. ಮುಖದ ಮೇಲೆ ಇಲ್ಲ ಎನ್ನುವುದು ಅವರಿಗೆ ಕಷ್ಟ. ಇದು ನಮಗೂ ಗೊತ್ತಿರುವ ಗುಣವೇ ಅಲ್ವಾ? ‘ನೋಡೋಣ, ಮುಂದಿನ ವಾರ ಹೇಳುತ್ತೇವೆ’ ಎಂದು ಎರಡು ಸಲ ಬಂದರೆ ಅದು ಇಲ್ಲ ಎಂದೇ ಅರ್ಥ. ‘ನಿಮ್ಮ ಸ್ಯಾಂಪಲ್ ಯಾವಾಗ ಬರುತ್ತದೆ, ಪಾವತಿ ಹೇಗೆ’ ಎಂದು ಅವರೇ ಕೇಳಿದರೆ ಮಾತ್ರ ಆಸಕ್ತಿ ಇದೆ ಎಂದು ತಿಳಿಯಿರಿ.

ಸ್ಪ್ಯಾನಿಷ್ ಬಾರದೆ ಹೋಗುವುದು ದೊಡ್ಡ ಕೊರತೆ. ಬೆಲೀಜ್ ಬಿಟ್ಟರೆ ಇಂಗ್ಲಿಷ್ ನೆಚ್ಚಿಕೊಳ್ಳಲಾಗದು. ದೊಡ್ಡ ಕಂಪನಿಯ ಮಾಲೀಕರಿಗೆ ಇಂಗ್ಲಿಷ್ ಬರಬಹುದು, ನಿಮ್ಮ ಕಡತ ನೋಡುವ ಗುಮಾಸ್ತರಿಗೆ ಬರುವುದಿಲ್ಲ. ನಿಮ್ಮದೇ ದುಭಾಷಿಯನ್ನು ದಿನದ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳಿ, ಎದುರಿನವರ ದುಭಾಷಿಯನ್ನು ನಂಬಿ ಕೂರಬೇಡಿ. ಕ್ಯಾಟಲಾಗ್ ಸ್ಪ್ಯಾನಿಷ್‌ನಲ್ಲೇ ಇರಲಿ.

ಅಳತೆಗಳಲ್ಲಿ ಒಂದು ದೊಡ್ಡ ಗುಂಡಿ ಇದೆ. ಅಲ್ಲಿ ಕ್ವಿಂಟಲ್ ಅಂದರೆ 100 ಕೆಜಿ ಅಲ್ಲ, 100 ಪೌಂಡ್, ಸುಮಾರು 46 ಕೆಜಿ. ರಫ್ತಿನ ಕಾಫಿ ಚೀಲ 69 ಕೆಜಿಯದ್ದು. ಏಲಕ್ಕಿ, ಕಾಫಿ ರೇಟು ಮಾತಾಡುವಾಗ ಪ್ರತಿ ಸಲವೂ ಕಿಲೋಗೆ ಎಷ್ಟು ಎಂದು ಬಿಡಿಸಿ ಕೇಳಿ, ಬರೆದುಕೊಳ್ಳಿ. ಲಕ್ಷ, ಕೋಟಿಯ ಲೆಕ್ಕ ಅವರಿಗೆ ಗೊತ್ತಿಲ್ಲ. ಕರೆಂಟು 110-120 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟ್, 50 ಹರ್ಟ್ಸ್ ಮೋಟರ್ ಇರುವ ಪಲ್ಪರ್, ಡ್ರೈಯರ್, ಗಿರಣಿಗಳನ್ನು ಹಾಗೇ ಕಳಿಸಿದರೆ ವಾಪಸ್ ಬರುತ್ತವೆ. ಮೋಟರ್ ಬದಲಿಸಿದ ರೇಟನ್ನೇ ಮೊದಲ ಕೊಟೇಶನ್‌ನಲ್ಲಿ ಕೊಡಿ.

ಹಂತ 7: ಸಸ್ಯಾಹಾರಿಗಳ ಊಟ

ಕಪ್ಪು ಅಥವಾ ಕೆಂಪು ಹುರುಳಿಕಾಯಿ ಬೀಜದ ಫ್ರಿಹೋಲೆಸ್, ಅನ್ನ, ಬಾಳೆಕಾಯಿ ಕರಿದದ್ದು, ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ ಎಲ್ಲ ಕಡೆ ಸಿಗುತ್ತದೆ. ಆದರೆ ಬರೀ ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಎಂದರೆ ಸಾಲದು. ಅವರ ಬಳಕೆಯಲ್ಲಿ ಕಾರ್ನೆ ಅಂದರೆ ಹೆಚ್ಚಾಗಿ ದನದ ಮಾಂಸ, ಕೋಳಿ ತಂದಿಡುತ್ತಾರೆ. ಸಿನ್ ಕಾರ್ನೆ, ಸಿನ್ ಪೊಯೊ (ಕೋಳಿ ಇಲ್ಲದೆ), ಸಿನ್ ಪೆಸ್ಕಾದೊ (ಮೀನಿಲ್ಲದೆ) ಎಂದು ಮೂರನ್ನೂ ಹೇಳಿ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ, ಬೀಜಕ್ಕೆ ಹಂದಿ ಕೊಬ್ಬು ಹಾಕುವುದೂ ಉಂಟು. ಕೊಬ್ಬಿಗೆ ಮಂತೇಕಾ ಎನ್ನುತ್ತಾರೆ, ಅದನ್ನೂ ಬೇಡ ಎಂದು ಹೇಳಿ.

ಸಾನ್ ಸಾಲ್ವಡೋರ್‌ನ ಪುಪೂಸಾ ಸಸ್ಯಾಹಾರಿಗೆ ವರ. ಮೆಕ್ಕೆಜೋಳದ ಹಿಟ್ಟಿನ ಉಂಡೆಯೊಳಗೆ ಹೂರಣದ ಹಾಗೆ ತುಂಬಿ, ಅಂಗೈಯಲ್ಲಿ ತಟ್ಟಿ, ಕಾದ ಹಂಚಿನ ಮೇಲೆ ಬೇಯಿಸುತ್ತಾರೆ. ಜೊತೆಗೆ ಹುಳಿ ಬಂದ ಎಲೆಕೋಸಿನ ಕುರ್ತಿದೊ. ಬೀಜ-ಚೀಸ್ ಅಥವಾ ಲೊರೊಕೊ ಎಂಬ ಹೂವಿನ ಮೊಗ್ಗು ಹಾಕಿದ್ದನ್ನು ಕೇಳಿ. ರೆವುವೆಲ್ತಾ ಎಂದು ಬರೆದಿದ್ದರಲ್ಲಿ ಹಂದಿ ಮಾಂಸ ಇರುತ್ತದೆ.

ಹಂತ 8: ನೋಟರಿ, ತೆರಿಗೆ, ಒಪ್ಪಂದ

ನಮ್ಮಲ್ಲಿ ಕೋರ್ಟಿನ ಎದುರು ಮೇಜು ಹಾಕಿಕೊಂಡು ಮುದ್ರೆ ಒತ್ತುವ ನೋಟರಿಯನ್ನು ಮನಸ್ಸಿನಿಂದ ತೆಗೆಯಿರಿ. ಅಲ್ಲಿನ ಹೆಚ್ಚಿನ ದೇಶಗಳಲ್ಲಿ ನೋಟರಿ ಅಂದರೆ ವಕೀಲಿ ಓದಿದವರು, ಒಪ್ಪಂದವನ್ನು ತಾವೇ ಬರೆದು ತಮ್ಮ ದಾಖಲೆ ಪುಸ್ತಕದಲ್ಲಿ ಸೇರಿಸುವವರು. ಕಂಪನಿ ಸ್ಥಾಪನೆ, ಆಸ್ತಿ, ಅಧಿಕಾರ ಪತ್ರ ಎಲ್ಲಕ್ಕೂ ಅವರ ಮುಂದೆ ಸಹಿ ಹಾಕಬೇಕು. ಒಳ್ಳೆಯ ವಕೀಲ-ನೋಟರಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಹಣ ಉಳಿಸಲು ಇಲ್ಲಿ ಕೈ ಬಿಗಿ ಮಾಡಬೇಡಿ. ಎದುರಿನ ಕಂಪನಿ ತೋರಿಸಿದ ವಕೀಲರನ್ನು ಒಪ್ಪಬೇಡಿ, ರಾಯಭಾರ ಕಚೇರಿ ಅಥವಾ ಅಲ್ಲಿನ ವಾಣಿಜ್ಯ ಸಂಘದಿಂದ ಹೆಸರು ಕೇಳಿ.

ಮಾರಾಟ ತೆರಿಗೆ ಒಂದೊಂದು ಕಡೆ ಒಂದೊಂದು: ಗ್ವಾಟೆಮಾಲಾದಲ್ಲಿ ಶೇ. 12, ಎಲ್ ಸಾಲ್ವಡೋರ್ ಮತ್ತು ಕೋಸ್ಟಾ ರಿಕಾದಲ್ಲಿ ಶೇ. 13, ಹೊಂಡುರಾಸ್ ಮತ್ತು ನಿಕರಾಗುವಾದಲ್ಲಿ ಶೇ. 15, ಪನಾಮಾದಲ್ಲಿ ಶೇ. 7. ಭಾರತಕ್ಕೂ ಈ ದೇಶಗಳಿಗೂ ಮುಕ್ತ ವ್ಯಾಪಾರ ಒಪ್ಪಂದ ಇಲ್ಲ. ಅಮೆರಿಕ, ಯುರೋಪ್ ಸರಕಿಗೆ ಸಿಗುವ ಸುಂಕದ ರಿಯಾಯಿತಿ ನಮ್ಮದಕ್ಕೆ ಸಿಗುವುದಿಲ್ಲ. ರೇಟು ಹೇಳುವ ಮುಂಚೆ, ಸರಕಿನ ಬಗೆ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ನಿಮ್ಮ ಎಚ್‌ಎಸ್ ಕೋಡ್‌ಗೆ ಅಲ್ಲಿ ಆಮದು ಸುಂಕ ಎಷ್ಟು ಎಂದು ಕಸ್ಟಮ್ಸ್ ಏಜೆಂಟರಿಂದ ಬರೆಸಿಕೊಳ್ಳಿ.

ಈಗ ಅತಿ ಮುಖ್ಯವಾದ ಮಾತು. ಹೊಸ ಉದ್ದಿಮೆದಾರರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಈ ದೇಶಗಳಲ್ಲಿ ಹಲವು ಕಡೆ ಸ್ಥಳೀಯ ವಿತರಕರಿಗೆ ಕಾನೂನಿನ ರಕ್ಷಣೆ ಗಟ್ಟಿಯಾಗಿದೆ. ಕೋಸ್ಟಾ ರಿಕಾದಲ್ಲಿ 6209ನೇ ಕಾನೂನೇ ಇದೆ. ‘ಇಡೀ ದೇಶಕ್ಕೆ ನೀವೊಬ್ಬರೇ ವಿತರಕರು’ ಎಂದು ಮೊದಲ ಭೇಟಿಯ ಖುಷಿಯಲ್ಲಿ ಬರೆದುಕೊಟ್ಟರೆ, ನಾಳೆ ಅವರು ಮಾಲು ಎತ್ತದಿದ್ದರೂ ಬಿಡಿಸಿಕೊಳ್ಳಲು ಪರಿಹಾರ ಕೊಡಬೇಕಾಗಬಹುದು. ಏಕಮಾತ್ರ ಹಕ್ಕು ಕೊಡಲೇಬೇಕಿದ್ದರೆ ಒಂದು ವರ್ಷಕ್ಕೆ, ಇಷ್ಟು ಕನಿಷ್ಠ ಖರೀದಿ ಎಂಬ ಷರತ್ತಿನ ಮೇಲೆ ಕೊಡಿ.

ಬ್ರ್ಯಾಂಡ್ ಹೆಸರು ನಿಮ್ಮ ಕಂಪನಿಯ ಹೆಸರಿಗೇ ನೋಂದಣಿಯಾಗಲಿ. ಆಹಾರ, ಔಷಧಿಗೆ ಬೇಕಾದ ಆರೋಗ್ಯ ಇಲಾಖೆಯ ನೋಂದಣಿಯ ಮಾಲೀಕತ್ವವೂ ನಿಮ್ಮದೇ ಇರಲಿ. ‘ಎಲ್ಲ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ನಮ್ಮ ಹೆಸರಲ್ಲೇ ಮಾಡಿಸೋಣ’ ಎಂದು ವಿತರಕರು ಪ್ರೀತಿಯಿಂದಲೇ ಹೇಳಬಹುದು. ಒಪ್ಪಬೇಡಿ. ಆಮೇಲೆ ವಿತರಕರನ್ನು ಬದಲಿಸಬೇಕೆಂದರೆ ಇಡೀ ನೋಂದಣಿ ಮೊದಲಿನಿಂದ ಮಾಡಬೇಕಾಗುತ್ತದೆ.

ಪನಾಮಾದಲ್ಲಿ ಬ್ಯಾಂಕ್ ಖಾತೆ ತೆರೆಯಲು ತಾಳ್ಮೆ ಬೇಕು. ಗುಟ್ಟಿನ ಕಂಪನಿಗಳ ಕಡತಗಳು ಸೋರಿ ಬಯಲಾದ 2016ರ ಪನಾಮಾ ಪೇಪರ್ಸ್ ನಂತರ ಬ್ಯಾಂಕುಗಳು ಹಣದ ಮೂಲ, ಹಳೇ ಬ್ಯಾಂಕಿನ ಪತ್ರ, ತೆರಿಗೆ ಕಾಗದ ಎಲ್ಲ ಕೇಳುತ್ತವೆ. ಬರೀ ರಫ್ತು ಮಾಡುವುದಾದರೆ ಅಲ್ಲಿ ಖಾತೆ ಬೇಕಾಗಿಯೇ ಇಲ್ಲ.

ಹಂತ 9: ಸರಕು ಕಳಿಸಿ, ದುಡ್ಡು ತರಿಸಿ

ಸ್ಯಾಂಪಲ್ ಎಂದು ಹಸಿ ಕಾಫಿ ಬೀಜ, ಬಿತ್ತನೆ ಬೀಜ, ಗಿಡಗಳನ್ನು ಬ್ಯಾಗಿನಲ್ಲಿ ಒಯ್ಯಬೇಡಿ. ಅವರ ಬದುಕು ನಿಂತಿರುವುದೇ ತೋಟದ ಮೇಲೆ, ರೋಗ-ಕೀಟದ ಭಯ ನ್ಯಾಯವಾದದ್ದು. ಸಸ್ಯ ಆರೋಗ್ಯ ಪ್ರಮಾಣಪತ್ರದೊಂದಿಗೆ ಕೊರಿಯರ್ ಮಾಡಿ.

ಹಡಗಿನಲ್ಲಿ ಕಳಿಸುವಾಗ ಯಾವ ಸಮುದ್ರದ ಬಂದರು ಎಂದು ಕೇಳಿ. ಗ್ವಾಟೆಮಾಲಾಗೆ ಪೆಸಿಫಿಕ್ ಕಡೆ ಪುವೆರ್ತೊ ಕೆತ್ಸಾಲ್, ಕೆರಿಬಿಯನ್ ಕಡೆ ಸಾಂತೊ ತೊಮಾಸ್ ಇವೆ. ಹೊಂಡುರಾಸ್‌ಗೆ ಪುವೆರ್ತೊ ಕೊರ್ತೆಸ್, ಎಲ್ ಸಾಲ್ವಡೋರ್‌ಗೆ ಅಕಾಹುತ್ಲಾ. ತಪ್ಪು ಬಂದರಿಗೆ ಹೋದರೆ ದೇಶದ ಅಗಲಕ್ಕೂ ಲಾರಿ ಬಾಡಿಗೆ ತೆರಬೇಕು. ದಾರಿಯಲ್ಲಿ ಹಡಗು ಬದಲಾಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಮಸಾಲೆಯಂಥ ಮಾಲಿಗೆ ತೇವ ಹೀರುವ ಚೀಲಗಳನ್ನು ಕಂಟೇನರ್‌ನಲ್ಲಿ ಹಾಕಿಸಿ.

ಪಾವತಿ ಡಾಲರ್‌ನಲ್ಲೇ ಇರಲಿ. ಮೊದಲ ಆರ್ಡರ್‌ಗೆ ಒಂದು ಭಾಗ ಮುಂಗಡ, ಉಳಿದದ್ದು ಲೆಟರ್ ಆಫ್ ಕ್ರೆಡಿಟ್ (ಬ್ಯಾಂಕಿನ ಪಾವತಿ ಖಾತರಿ ಪತ್ರ) ಮೇಲೆ ಅಥವಾ ಅವರು ಬ್ಯಾಂಕಿನಿಂದ ಸರಕಿನ ಕಾಗದ ಬಿಡಿಸಿಕೊಳ್ಳುವಾಗ. ಎರಡನೇ ಆರ್ಡರ್‌ನಿಂದ ಅವರು 60 ಅಥವಾ 90 ದಿನದ ಸಾಲ ಕೇಳುತ್ತಾರೆ. ಅಲ್ಲಿನ ಮಾರುಕಟ್ಟೆ ನಡೆಯುವುದೇ ಸಾಲದ ಮೇಲೆ, ಪೂರ್ತಿ ನಿರಾಕರಿಸಿದರೆ ಗಿರಾಕಿ ಉಳಿಯುವುದಿಲ್ಲ. ಸಾಲ ಕೊಡುವ ಮುಂಚೆ, ರಫ್ತು ಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯಲ್ಲಿ ಆ ಖರೀದಿದಾರರ ಹೆಸರಿಗೆ ಮಿತಿ ಮಂಜೂರು ಮಾಡಿಸಿ ವಿಮೆ ತೆಗೆದುಕೊಳ್ಳಿ. ಇಸಿಜಿಸಿ ಒಪ್ಪದ ಖರೀದಿದಾರರಿಗೆ ಎಷ್ಟೇ ಒತ್ತಾಯ ಬಂದರೂ ಸಾಲದಲ್ಲಿ ಮಾಲು ಕಳಿಸಬೇಡಿ.

ಊರಿಗೆ ಬಂದ ವಾರದೊಳಗೆ ಭೇಟಿಯಾದ ಪ್ರತಿಯೊಬ್ಬರಿಗೂ ವಾಟ್ಸಾಪ್‌ನಲ್ಲಿ ಧನ್ಯವಾದದ ನಾಲ್ಕು ಸಾಲು ಸ್ಪ್ಯಾನಿಷ್‌ನಲ್ಲಿ ಕಳಿಸಿ. ಒಪ್ಪಿಕೊಂಡ ಸ್ಯಾಂಪಲ್ ಕಳಿಸಿ, ಅದರ ಟ್ರ್ಯಾಕಿಂಗ್ ನಂಬರನ್ನೂ ಹಾಕಿ. ಎರಡನೇ ಪ್ರಯಾಣದ ತಿಂಗಳನ್ನು ಅದೇ ಮೆಸೇಜಿನಲ್ಲಿ ತಿಳಿಸಿಬಿಡಿ.